ಕೆಳಗಡೆ ಸ್ಕೂಲು

ಮಾರ್ಚ್ 4, ಸಂಜೆ

ಇವತ್ತೂ ಲೇಟು. ಪುಟ್ಟಿಗೆ ಜಡೆ ಹಾಕುವಷ್ಟರಲ್ಲಿ ಕೆಳಗಡೆ ಗಂಟೆ ಹೊಡೆದೇ ಬಿಟ್ಟರು. ಅವಳಪ್ಪನದೇ ಸ್ಕೂಲು, ಮೆಟ್ಟಿಲು ಇಳಿದರೆ ಕ್ಲಾಸು. ಆದರೂ ದಿನಾ ಕೊನೆಗೆ ಹೋಗುವವಳು ಇವಳೇ.

ನನ್ನದು ಸರ್ಕಾರಿ ಸ್ಕೂಲು, ಎರಡು ಬೀದಿ ಆಚೆ. ಹೆಸರಿಗೆ ಹೆಡ್‌ಮಿಸ್ಟ್ರೆಸ್. ಬೀಗ ತೆಗೆಯೋದರಿಂದ ಹಿಡಿದು ಸೋರುವ ಕಡೆ ಬಕೆಟ್ ಇಡೋವರೆಗೂ ನಾನೇ. ಅಕಾಲದ ಮಳೆ ಬೇರೆ. ಮೂರನೇ ಕ್ಲಾಸಿನ ಮಕ್ಕಳನ್ನು ಗೋಡೆಗೆ ಒತ್ತರಿಸಿ ಕೂರಿಸಿ ಪಾಠ ಮಾಡಿದ್ದಾಯ್ತು.

ಮಧ್ಯಾಹ್ನ ಲೆಕ್ಕದ ಮೇಷ್ಟ್ರು ಫೋನು ಹಿಡ್ಕೊಂಡು ಓಡಿ ಬಂದರು. ಬಜೆಟ್ಟು. ಸರ್ಕಾರಿ ಸ್ಕೂಲುಗಳಿಗೆ ದುಡ್ಡು ಜಾಸ್ತಿ ಮಾಡಿದ್ದಾರಂತೆ, ಹಿಂದೆಂದೂ ಇಲ್ಲದಷ್ಟು. ರಿಪೇರಿ, ಹೊಸ ಟೀಚರ್‌ಗಳು, ಒಂದನೇ ಕ್ಲಾಸಿಂದಲೇ ಇಂಗ್ಲಿಷ್. ಕನ್ನಡಿಯೊಳಗಿನ ಗಂಟು ಸಾರ್ ಅಂದೆ. ಅವರೂ ನಕ್ಕರು. ನಕ್ಕು, ಇಬ್ಬರೂ ಇನ್ನೊಂದು ಸಲ ಓದಿದೆವು.

ಮಾರ್ಚ್ 5

ಪೇಪರಲ್ಲೂ ಬಂದಿದೆ. ಇವರು ಕಾಫಿ ಆರುವವರೆಗೂ ಅದೇ ಪುಟ ಹಿಡಿದು ಕೂತಿದ್ದರು. ಒಳ್ಳೇದಾಯ್ತಲ್ಲ ಅಂದರು. ಮಡಿಚಿಟ್ಟು ಕೆಳಗೆ ಹೋದರು.

ತಂಗಿ ಅಡುಗೆಮನೆಗೆ ಬಂದು, ಅಕ್ಕ, ನಿಮ್ಮ ಸ್ಕೂಲು ಉದ್ಧಾರ ಆದ್ರೆ ನಮ್ಮದರ ಗತಿ ಏನೇ ಅಂತ ತಮಾಷೆ ಮಾಡಿದಳು. ಅವಳು ಕೆಳಗಡೆ ಚಿಕ್ಕ ಮಕ್ಕಳ ಕ್ಲಾಸಿನ ಟೀಚರು. ಗಂಡನ ಮನೆ ಬಿಟ್ಟು ಬಂದ ಮೇಲೆ ಇವರೇ ಕರೆದು ಕೆಲಸ ಕೊಟ್ಟಿದ್ದು.

ನಾನೂ ನಕ್ಕೆ. ಆದರೆ ನಿಜ ಬರೆದರೆ ಯಾರು ನೋಡ್ತಾರೆ ಇಲ್ಲಿ... ಕೆಳಗಡೆ ಸ್ಕೂಲು ಹುಟ್ಟಿದ್ದೇ ನನ್ನ ಸ್ಕೂಲು ಕೆಟ್ಟಿದ್ದರಿಂದ. ಆಗ ನಾವು ಇಬ್ಬರೇ ಟೀಚರು, ಐದು ಕ್ಲಾಸು. ದಿನಾ ಸಂಜೆ ಬಂದು ಅಳುತ್ತಿದ್ದೆ, ಆ ಮಕ್ಕಳಿಗೆ ಏನೂ ಕಲಿಸೋಕಾಗ್ತಿಲ್ಲ ಅಂತ. ಕೇಳಿ ಕೇಳಿ ಇವರು ಕೆಳಗಿನ ರೂಮು ಖಾಲಿ ಮಾಡಿಸಿ ನಾಲ್ಕು ಬೆಂಚು ಹಾಕಿದರು. ಇಡೀ ಬೀದಿ ಬಂತು. ಆಮೇಲೆ ಪಕ್ಕದ ಬೀದಿಯೂ. ನನ್ನ ಕೈಯಲ್ಲಾಗದ್ದನ್ನ ಇವರು ಮಾಡುತ್ತಿದ್ದಾರೆ ಅಂತ ಹೆಮ್ಮೆ ಪಟ್ಟವಳು ನಾನೇ.

ಏಪ್ರಿಲ್ 21

ಬರೆಯೋಕೆ ಪುರುಸೊತ್ತಿಲ್ಲ. ಗಂಟು ಕನ್ನಡಿಯಿಂದ ಆಚೆ ಬಂದಿದೆ!

ಛಾವಣಿ ಪೂರಾ ಹೊಸದು. ಟಾಯ್ಲೆಟ್ಟಿನಲ್ಲಿ ನೀರು ಬರುತ್ತೆ — ನಲ್ಲಿ ತಿರುಗಿಸಿ, ಮುಚ್ಚಿ, ಮತ್ತೆ ತಿರುಗಿಸಿದೆ, ಹುಚ್ಚಿ ಥರ. ನಾಲ್ಕು ಜನ ಹೊಸ ಟೀಚರ್‌ಗಳು. ಇಂಗ್ಲಿಷಿಗೆ ಬಂದಿರೋಳು ಚಿಕ್ಕ ಹುಡುಗಿ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡ್ತಾಳೆ. ಬಣ್ಣದ ವಾಸನೆ ಹೋಗುವ ಮೊದಲೇ ಗೋಡೆ ತುಂಬ ಚಿತ್ರ ಅಂಟಿಸಿದಳು.

ಬರುವಾಗ ಮೂಲೆಯ ಟೈಲರಮ್ಮ ಮೆಷಿನ್ ನಿಲ್ಲಿಸಿ ಕೂಗಿದರು. ಅವರ ಇಬ್ಬರು ಮಕ್ಕಳೂ ಕೆಳಗಡೆ ಸ್ಕೂಲಲ್ಲೇ. ನಿಮ್ಮಲ್ಲೂ ಇಂಗ್ಲಿಷ್ ಶುರುವಂತೆ, ಫೀಸೂ ಇಲ್ವಂತೆ, ನಿಜವಾ ಮೇಡಂ ಅಂದರು. ಹೂಂ ಅಂದೆ. ಅದೊಂದು ಹೂಂ ಮನೆವರೆಗೂ ಬೆನ್ನ ಹಿಂದೆ ಬಂತು.

ಮೇ 3

ಇವತ್ತು ಊಟಕ್ಕೆ ಕೂತಾಗ ಇವರು ಬಾಯಿ ಬಿಟ್ಟರು. ಮೂರು ಮನೆಯವರು ಆಗಲೇ ಬಂದು ಟಿ.ಸಿ. ಕೇಳಿದ್ದಾರೆ. ಅರ್ಧ ಬೀದಿ ಇನ್ನೂ ಅತ್ತ ಇತ್ತ ನೋಡುತ್ತಾ ಇದೆ. ಒಂದು ಕ್ಲಾಸು ಹೋದರೆ ಒಬ್ಬರು ಟೀಚರು ಹೋದಂಗೆ. ತಂಗಿ ತಲೆ ತಗ್ಗಿಸಿ ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದಳು.

"ಈ ಒಂದು ವರ್ಷ ನಮ್ಮ ಸ್ಕೂಲಿನ ಮಕ್ಕಳನ್ನ ಸೇರಿಸ್ಕೋಬೇಡ. ಸೀಟಿಲ್ಲ ಅನ್ನು. ಅಷ್ಟರಲ್ಲಿ ಏನಾದ್ರೂ ದಾರಿ ನೋಡ್ಕೊತೀನಿ."

ಬೇಡಿದವರಲ್ಲ ಇವರು, ಯಾವತ್ತೂ. ನೋಡೋಣ ಅಂದೆ. ಆಯ್ತು ಅಂದಂಗೆ ಕೇಳಿಸಿಕೊಂಡರು. ತಂಗಿ ಎದ್ದು ನನ್ನ ತಟ್ಟೆಯನ್ನೂ ತೆಗೆದುಕೊಂಡು ಹೋದಳು.

ಮೇ 20

ಅಡ್ಮಿಷನ್ ಶುರು. ಮೊದಲು ಬಂದದ್ದೇ ಟೈಲರಮ್ಮ. ಮಕ್ಕಳ ತಲೆಗೆ ಎಣ್ಣೆ ಹಚ್ಚಿ, ನೀಟಾಗಿ ಬಾಚಿ ಕರ್ಕೊಂಡು ಬಂದಿದ್ದರು. ನಾನು ಕ್ಲಾಸಿನ ಬಾಗಿಲಿಗೇ ಹೋಗಿ ನಿಂತೆ. ಸೀಟು ತುಂಬಿದೆ ಅಂದೆ.

ನನ್ನ ಹಿಂದೆ ಕ್ಲಾಸಿನ ತುಂಬ ಹೊಸ ಬೆಂಚು. ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿಲ್ಲ.

ಸರಿ ಮೇಡಂ ಅಂತ ಹೊರಟೇ ಹೋದರು. ಜಗಳ ಆಡಿದ್ದರೆ ಎಷ್ಟೋ ವಾಸಿ ಇತ್ತು. ಚಿಕ್ಕವನು ಗೇಟಿನ ಹತ್ತಿರ ತಿರುಗಿ ಗೋಡೆಯ ಚಿತ್ರಗಳನ್ನ ನೋಡಿದ. ಇಂಗ್ಲಿಷ್ ಟೀಚರು ಕಿಟಕಿಯಲ್ಲಿ ನಿಂತಿದ್ದಳು. ನಾನು ಟೇಬಲ್ ಒರೆಸಿದೆ. ಧೂಳೇ ಇರಲಿಲ್ಲ.

ಮೇ 27

ಅದೇ ಮಾತು. ಹಾಲಿನವನಿಗೆ ಹೇಳಿದೆ. ಲಾರಿ ಡ್ರೈವರ್ ಹೆಂಡತಿಗೆ ಹೇಳಿದೆ. ಈಗ ಯೋಚನೆ ಮಾಡದೇ ನಾಲಿಗೆಗೆ ಬರುತ್ತೆ, ಅದೇ ಹೆದರಿಕೆ.

ಮನೆಯಲ್ಲಿ ಇವರು ಗೆಲುವಾಗಿದ್ದಾರೆ. ನನಗೆ ಹೊಸ ಚಪ್ಪಲಿ ತಂದರು, ನಡೆದೂ ನಡೆದೂ ಸವೆದಿದೆ ಅಂತ. ಹಾಕ್ಕೊಂಡೆ. ಸರಿಯಾಗಿದೆ. ಕಚ್ಚಿದ್ದರೆ ಬೈದುಕೊಳ್ಳೋಕಾದರೂ ಆಗುತ್ತಿತ್ತು.

ಜೂನ್ 6, ಸಂಜೆ

ಸ್ಕೂಲ್ ಇನ್‌ಸ್ಪೆಕ್ಟರ್ ಬಂದಿದ್ದರು. ಹೇಳದೆ ಕೇಳದೆ. ಪ್ರತಿ ಕ್ಲಾಸಿಗೂ ಹೋಗಿ ಹಿಂದಿನ ಬೆಂಚಿನ ಮೇಲೆ ಕೈಯಾಡಿಸಿ ನೋಡಿದರು. ಗಟ್ಟಿ ಮಾತಾಡೋ ಮನುಷ್ಯ ಅಲ್ಲ. ಇಷ್ಟು ದುಡ್ಡು ಸುರಿದ ಮೇಲೂ ಮಕ್ಕಳು ಬರಲಿಲ್ಲವೇಕೆ ಅಂತ ಕೇಳಿದರು. ಬರ್ತಾರೆ ಸಾರ್ ಅಂದೆ.

"ದುಡ್ಡು ಕೊಟ್ಟಿರೋದು ಬೆಂಚಿಗಲ್ಲ ಮೇಡಂ, ಕೂರೋರಿಗೆ."

ತಿಂಗಳ ಕೊನೆಗೆ ಮಕ್ಕಳಿಲ್ಲದಿದ್ದರೆ ಹೊಸ ಟೀಚರ್‌ಗಳನ್ನ ಬೇರೆ ಕಡೆ ಹಾಕ್ತಾರಂತೆ. ಮುಂದಿನ ವರ್ಷದ ದುಡ್ಡಿನ ಪಟ್ಟಿಯಲ್ಲಿ ನಮ್ಮ ಹೆಸರೂ ಇರಲ್ಲ. ಮತ್ತೆ ನಾನು, ಲೆಕ್ಕದ ಮೇಷ್ಟ್ರು, ಹೊಸ ಛಾವಣಿ.

ಅವರು ಹೋದ ಮೇಲೆ ಇಂಗ್ಲಿಷ್ ಟೀಚರು ರೂಮಿಗೆ ಬಂದಳು. ಬಾಗಿಲು ಮುಂದೆ ಮಾಡಿದಳು. ಕೆಳಗಡೆ ಸ್ಕೂಲು ನಿಮ್ಮನೇದೇ ಅಲ್ವಾ ಮೇಡಂ ಅಂದಳು. ಹೌದು ಅಂದೆ. ಇನ್ನೇನೂ ಕೇಳಲಿಲ್ಲ. ಯಾರಿಗೂ ಹೇಳುವವಳಲ್ಲ ಅಂತ ಮುಖ ನೋಡಿದರೇ ಗೊತ್ತು. ಕಷ್ಟ ಅದೇ. ಹೇಳಿಬಿಟ್ಟಿದ್ದರೆ ತೀರ್ಮಾನ ಅವಳದಾಗುತ್ತಿತ್ತು.

ಅತ್ತ ದರಿ, ಇತ್ತ ಪುಲಿ. ಗಾದೆ ಮಕ್ಕಳಿಗೆ ಎಷ್ಟು ಸಲ ಬರೆಸಿದ್ದೀನಿ.

ಜೂನ್ 7

ಸ್ಕೂಲಿಗೆ ಹೋಗುವ ಮುಂಚೆ ಟೈಲರಮ್ಮನ ಅಂಗಡಿಗೆ ಹೋದೆ. ಕೂರಿ ಅಂದರು. ಕೂರಲಿಲ್ಲ. ಸೀಟಿದೆ, ಅವತ್ತೂ ಇತ್ತು ಅಂದೆ. ಒಂದೇ ಉಸಿರಿಗೆ.

ದಾರ ಹಲ್ಲಲ್ಲಿ ಕಡಿದರು. ನನ್ನ ಕಡೆ ನೋಡದೇ ಹೇಳಿದರು: "ಗೊತ್ತಿತ್ತು ಮೇಡಂ. ಒಳಗೆ ಕಾಣಬಾರದು ಅಂತ ಬಾಗಿಲಿಗೆ ಅಡ್ಡ ನಿಂತಿದ್ರಿ. ಗಂಡನ ಅನ್ನಕ್ಕೆ ಕಲ್ಲು ಹಾಕೋಕೆ ಯಾರಿಗೆ ಮನಸ್ಸು ಬರುತ್ತೆ."

ಬೈದಿದ್ದಲ್ಲ. ನಿಜವಾಗಿಯೂ ಅರ್ಥ ಮಾಡಿಕೊಂಡು ಹೇಳಿದ್ದು. ಮಧ್ಯಾಹ್ನದ ಹೊತ್ತಿಗೆ ಮಕ್ಕಳನ್ನ ಕರ್ಕೊಂಡು ಬಂದರು. ಅವರ ಹಿಂದೆ ಇನ್ನೂ ನಾಲ್ಕು ಮನೆಯವರು. ಪ್ಲಾಸ್ಟಿಕ್ ಬಿಚ್ಚಿಸಿದೆ.

ಜೂನ್ 8

ನಾನೇ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ಬೀದಿಯೇ ಇವರಿಗೆ ಹೇಳಿತ್ತು.

ಕೂಗಾಡಲಿಲ್ಲ. ಇನ್‌ಸ್ಪೆಕ್ಟರ್ ಬಂದದ್ದು, ಟೀಚರ್‌ಗಳನ್ನ ಬೇರೆ ಕಡೆ ಕಳಿಸ್ತೀನಿ ಅಂದದ್ದು ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಒಂದು ವರ್ಷ ಕೇಳಿದ್ದೆ, ಎರಡು ತಿಂಗಳೂ ಕೊಡಲಿಲ್ಲ ನೀನು ಅಂದರು. ಅಲ್ಲಿರೋ ಮಕ್ಕಳೂ ಮಕ್ಕಳೇ ಅಲ್ವಾ ಅಂದೆ. ಅನ್ನಬಾರದಿತ್ತು. ಇವರಿಗೆ ಹೇಳುವ ಮಾತೇ ಅದು?

"ಈ ಬೀದಿ ಮಕ್ಕಳಿಗೆ ಅಕ್ಷರ ಬರದೇ ಇದ್ದಾಗ ಎಲ್ಲಿತ್ತು ನಿಮ್ಮ ಸರ್ಕಾರದ ದುಡ್ಡು? ಅವತ್ತು ಬೆಂಚು ಹಾಕಿದೋನು ನಾನು."

  ನಾನು ಮಾಡಿದ್ದು ಸರಿ. ಇವರು ಹೇಳಿದ್ದೂ ಸರಿ. ಎರಡೂ ಒಂದೇ ಮನೆಯಲ್ಲಿ ಇರಬೇಕು.

ಜೂನ್ 25

ನನ್ನ ಸ್ಕೂಲಲ್ಲಿ ಕಾಲಿಡೋಕೆ ಜಾಗ ಇಲ್ಲ. ಹೊಸ ಟೀಚರ್‌ಗಳು ಉಳಿದರು. ಇನ್‌ಸ್ಪೆಕ್ಟರ್ ಫೋನ್ ಮಾಡಿ ಭೇಷ್ ಅಂದರು.

ಕೆಳಗಡೆ ಮಗ್ಗಿ ಹೇಳುವ ಸದ್ದು ದಿನಾ ಒಂದಿಷ್ಟು ತೆಳ್ಳಗಾಗ್ತಾ ಇದೆ. ಅಡುಗೆಮನೆಯಲ್ಲಿ ನಿಂತರೆ ಯಾವ ದನಿ ಇಲ್ಲ ಅಂತ ಗೊತ್ತಾಗುತ್ತೆ. ಇಲ್ಲದ ದನಿ ನನ್ನ ಸ್ಕೂಲಲ್ಲಿ ಗುಡ್ ಮಾರ್ನಿಂಗ್ ಅನ್ನುತ್ತೆ.

ಜೂನ್ 30

ತಂಗಿ ಹೊರಟಳು. ಬಟ್ಟೆ ಅಂಗಡಿಯಲ್ಲಿ ಕೆಲಸ, ಇರೋಕೆ ಹಾಸ್ಟೆಲ್ ರೂಮು. ಇವರು ಬೇಡ ಅಂದರೂ ಕೇಳಲಿಲ್ಲ. ಕ್ಲಾಸಲ್ಲಿ ಮಕ್ಕಳೇ ಇಲ್ಲ ಭಾವ, ಯಾರಿಗೆ ಹಾಡು ಹೇಳಿಕೊಡಲಿ ಅಂದಳಂತೆ. ನನ್ನ ಸ್ಕೂಲಿಗೆ ಅವಳನ್ನ ತಗೊಳ್ಳೋಕೆ ಬರಲ್ಲ, ಟ್ರೈನಿಂಗ್ ಸರ್ಟಿಫಿಕೇಟ್ ಇಲ್ಲ. ಹದಿನೈದು ನಿಮಿಷದಲ್ಲಿ ಅಳುವ ಮಗುವನ್ನ ನಗಿಸುವವಳು.

ಆಟೋ ಹತ್ತುವಾಗ ನನ್ನ ಕೈ ಹಿಡಿದು, "ನಿನ್ನ ಮೇಲೆ ಸಿಟ್ಟಿಲ್ಲ ಅಕ್ಕ. ಸಿಟ್ಟು ಮಾಡ್ಕೊಳ್ಳೋಕೆ ಯಾರೂ ಸಿಗ್ತಿಲ್ಲ, ಅದಕ್ಕೇ ನಿನ್ನ ಜೊತೆ ಮಾತಾಡೋಕೆ ಆಗ್ತಿಲ್ಲ" ಅಂದಳು.

ಜುಲೈ 19

ಇವರು ಉಳಿದ ಮಕ್ಕಳನ್ನೆಲ್ಲ ಒಂದೇ ರೂಮಲ್ಲಿ ಕೂರಿಸಿಕೊಂಡು ತಾವೊಬ್ಬರೇ ಪಾಠ ಮಾಡ್ತಿದ್ದಾರೆ. ಒಂದನೇ ಕ್ಲಾಸಿಗೆ ಅಕ್ಷರ, ಐದಕ್ಕೆ ಭಿನ್ನರಾಶಿ, ತಿರುಗಿ ತಿರುಗಿ. ನಾನು ಹಿಂದೆ ಮಾಡುತ್ತಿದ್ದ ಹಾಗೇ. ಬೆಳಿಗ್ಗೆ ಅದೇ ಬಾಗಿಲ ಮುಂದಿಂದ ನಾನು ಹೊರಡಬೇಕು, ಮನೆಗೆ ಇನ್ನೊಂದು ದಾರಿ ಇಲ್ಲ. ಮಕ್ಕಳು ಎದ್ದು ನಿಂತು ನಮಸ್ತೆ ಅಂತಾರೆ. ಇವರು ಬೋರ್ಡಿನ ಕಡೆ ತಿರುಗುತ್ತಾರೆ.

ಮನೆಯಲ್ಲಿ ಮಾತು: ಉಪ್ಪು, ಗ್ಯಾಸು, ಪುಟ್ಟಿಯ ಕೆಮ್ಮು.

ಇವತ್ತು ಮೀಟಿಂಗಿನಲ್ಲಿ ಕೇಳಿದೆ, ಈ ದುಡ್ಡು ಮುಂದಿನ ವರ್ಷವೂ ಬರುತ್ತಾ ಸಾರ್ ಅಂತ. ಇನ್‌ಸ್ಪೆಕ್ಟರ್ ಪೆನ್ನಿನ ಕ್ಯಾಪು ಹಾಕಿದರು, ತೆಗೆದರು. ಈ ವರ್ಷದ್ದು ಈ ವರ್ಷಕ್ಕೆ ಮೇಡಂ, ಮುಂದಿನದು ಮೇಲಿನವರಿಗೆ ಬಿಟ್ಟಿದ್ದು ಅಂದರು.  ಕೆಳಗಡೆ ಸ್ಕೂಲು ಮುಚ್ಚಿ, ಆಮೇಲೆ ಇದೂ ನಿಂತರೆ?

ಬೇಡ ಬೇಡ ಅಂದುಕೊಂಡೇ ಇವರಿಗೆ ಹೇಳಿದೆ. ಗೆದ್ದೆ ಅನ್ನೋ ಮುಖ ಮಾಡ್ತಾರೆ ಅಂದುಕೊಂಡಿದ್ದೆ. ಮಾಡಲಿಲ್ಲ. ನನ್ನಷ್ಟೇ ಹೆದರಿದರು.

ಆಗಸ್ಟ್ 2

ಪುಟ್ಟಿ ನಿನ್ನೆ ಅಪ್ಪನ ತೊಡೆ ಮೇಲೆ ಕೂತು ಕೇಳಿಯೇ ಬಿಟ್ಟಳಂತೆ. ಅಪ್ಪ, ನಾನೂ ಅಮ್ಮನ ಸ್ಕೂಲಿಗೆ ಹೋಗಲಾ, ನನ್ನ ಕ್ಲಾಸಲ್ಲಿ ನಾನೊಬ್ಬಳೇ ಅಂತ.

ಇವತ್ತು ಹತ್ತೂವರೆಗೆ ತಲೆ ಎತ್ತಿ ನೋಡ್ತೀನಿ, ಆಫೀಸು ರೂಮಿನ ಹೊರಗೆ ಸಾಲಲ್ಲಿ ಇವರು. ಒಂದು ಕೈಯಲ್ಲಿ ಪುಟ್ಟಿ. ಹಿಂದೆ ಉಳಿದ ಮಕ್ಕಳೆಲ್ಲ, ಬ್ಯಾಗು ಬೆನ್ನಿಗೆ ಹಾಕಿಕೊಂಡು, ಅವರ ಮನೆಯವರ ಸಹಿ ಸಮೇತ. ಮುಂದೆ ಬನ್ನಿ ಅಂತ ಕಣ್ಣಲ್ಲೇ ಕರೆದೆ. ಬರಲಿಲ್ಲ. ಸರದಿ ಬರುವವರೆಗೂ ನಿಂತರು.

ಕೂತ್ಕೊಳ್ಳಿ ಅಂದೆ. ಪರವಾಗಿಲ್ಲ ಮೇಡಂ ಅಂದರು. ಮೇಡಂ. ಇಂಗ್ಲಿಷ್ ಟೀಚರು ಕಾಗದ ಜೋಡಿಸುತ್ತಾ ಕಿವುಡಿಯಾದಳು.

ಒಬ್ಬೊಬ್ಬರನ್ನೇ ಮುಂದೆ ತಂದು ಹೇಳಿದರು. ಇವನಿಗೆ ಕಣ್ಣು ಮಂದ, ಮುಂದಿನ ಬೆಂಚಲ್ಲಿ ಕೂರಿಸಿ. ಇವಳಿಗೆ ಲೆಕ್ಕ ಗೊತ್ತು, ಹೇಳೋಕೆ ನಾಚಿಕೆ. ಇವನು ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತೆ, ಹೊಡೀಬೇಡಿ. ಪುಟ್ಟಿ ಬಗ್ಗೆ ಏನೂ ಹೇಳಲಿಲ್ಲ. ಕೂದಲು ಸರಿ ಮಾಡಿ ನನ್ನ ಕಡೆ ದೂಡಿದರು.

ಮಕ್ಕಳು ಒಳಗೆ ಹೋದ ಮೇಲೆ ಟೇಬಲ್ಲಿನ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದರು:

"ಮತ್ತೆ ಇಬ್ಬರೇ ಟೀಚರು ಉಳಿಯೋ ಕಾಲ ಬಂದ್ರೆ ಹೇಳಿ ಮೇಡಂ. ಬೆಂಚು ಮಾರಲ್ಲ."

ಗೇಟಿನವರೆಗೂ ನೋಡುತ್ತಾ ಕೂತೆ. ಕೈಯಲ್ಲಿ ಏನೂ ಇಲ್ಲದೇ ಈ ಮನುಷ್ಯ ನಡೆಯೋದನ್ನ ಯಾವತ್ತೂ ನೋಡಿರಲಿಲ್ಲ.

ಆಗಸ್ಟ್ 10, ಭಾನುವಾರ, ಮಧ್ಯಾಹ್ನ

ಕೆಳಗಡೆಯನ್ನ ರಟ್ಟಿನ ಪೆಟ್ಟಿಗೆ ಗೋಡೌನಿಗೆ ಬಾಡಿಗೆಗೆ ಕೊಟ್ಟಾಯ್ತು. ನಾಳೆ ಅವರ ಸಾಮಾನು ಬರುತ್ತೆ. ಹಾಗಾಗಿ ಬೆಂಚೆಲ್ಲ ಮೇಲಕ್ಕೆ. ಇವರೊಬ್ಬರೇ ಬೆಳಿಗ್ಗೆಯಿಂದ ಹೊರುತ್ತಿದ್ದಾರೆ. ನಾನು ಹಿಡೀತೀನಿ ಅಂದರೆ ಬೇಡ ಅಂತ ತಲೆಯಾಡಿಸಿದರು. ಪುಟ್ಟಿಯನ್ನ ಟೈಲರಮ್ಮನ ಮನೆಗೆ ಆಡೋಕೆ ಕಳಿಸಿದೆ.

ನಡುಮನೆ ತುಂಬಿತು. ತಂಗಿ ಇದ್ದ ರೂಮು ತುಂಬಿತು. ಈಗ ನಮ್ಮ ರೂಮು. ಬೀರು ತೆಗೆಯೋಕಾಗಲ್ಲ. ಕಿಟಕಿ ಅರ್ಧ ಮುಚ್ಚಿದೆ. ಮಂಚದ ಈ ಮೂಲೆಯಲ್ಲಿ ಮುದುರಿ ಕೂತು ಬರೀತಿದ್ದೀನಿ, ಮೊಣಕಾಲಿಗೆ ಬೆಂಚು ತಾಗುತ್ತೆ. ಬಾಗಿಲವರೆಗೆ ಹೋಗಬೇಕಂದರೆ ಹತ್ತಿ ದಾಟಬೇಕು.

ನನ್ನ ಸ್ಕೂಲಲ್ಲಿ ಮೂರನೇ ಕ್ಲಾಸಿನ ಮಕ್ಕಳು ನೆಲದ ಮೇಲೆ ಕೂತಿದ್ದಾರೆ, ಬೆಂಚು ಸಾಲದೆ. ಕೇಳಿದರೆ ಕೊಡ್ತಾರೇನೋ. ಕೇಳಲ್ಲ. ಇವು ಇಲ್ಲೇ ಇರಲಿ, ಯಾವತ್ತೂ ಬೇಕಾಗದೇ ಇರಲಿ...

ಮೆಟ್ಟಿಲ ಮೇಲೆ ಮರ ಉಜ್ಜುವ ಸದ್ದು. ನಿಂತಿತು. ತಿರುವಿನಲ್ಲಿ ಸಿಕ್ಕಿಕೊಂಡಿದೆ ಅನ್ಸುತ್ತೆ. ಕರೀತಿದ್ದಾರೆ. ಎಷ್ಟೋ ದಿನದ ಮೇಲೆ ಹೆಸರು ಹಿಡಿದು. ಬಂದೆ ರೀ ಅಂದೆ. ಮೊದಲು ಈ ಬೆಂಚು ದಾಟಿ...