ಪ್ಯಾಕೆಟ್ಟಿನ ಮೇಲಿನ ಗೌಡಶಾನಿ

ಕಮಲಾಪುರ
೧೨ ಫೆಬ್ರುವರಿ ೨೦೨೫

ಪ್ರೀತಿಯ ಕಪಿಲಣ್ಣನಿಗೆ ನಿನ್ನ ತಂಗಿ ತ್ರಿವೇಣಿಯ ಜೈಭೀಮ್.

ನಿನ್ನ ಕಿವಿನೋವು ಈಗ ಹೇಗಿದೆ? ಗಡಿಯ ಚಳಿಗಾಳಿಗೆ ಅದು ಮತ್ತೆ ಶುರುವಾಗಿದೆ ಎಂದು ನೀನು ಫೋನಿನಲ್ಲಿ ಹೇಳಿದಾಗಿನಿಂದ ಅವ್ವನಿಗೆ ಅದೇ ಚಿಂತೆ. "ಕಿವ್ಯಾಗ ಅರಳಿ ಇಟ್ಕೊಂಡ ಪಹರೆ ಮಾಡು ಅಂತ ಬರಿ, ಮರಿಬ್ಯಾಡ" ಎಂದು ಈಗಲೂ ಒಲೆಯ ಮುಂದಿನಿಂದ ಕೂಗುತ್ತಿದ್ದಾಳೆ. ಹತ್ತಿಯ ಮಾತು ಬರೆದಿದ್ದೇನೆ, ನೋಡಿಕೋ. ಅವ್ವ ಆರೋಗ್ಯವಾಗಿದ್ದಾಳೆ. ಬಲಗಡೆಯ ಭುಜ ಮಾತ್ರ ಆಗಾಗ ಹಿಡಿದುಕೊಳ್ಳುತ್ತದೆ. ರೊಟ್ಟಿ ಬಡಿದು ಬಡಿದು ಬಂದ ನೋವು, ರೊಟ್ಟಿ ಬಡಿದರೇ ಹೋಗುತ್ತದೆ ಎನ್ನುತ್ತಾಳೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಬಾಯಿ ತೆಗೆದರೆ ಸಾಕು, ಒಂದೋ ಸಿಗ್ನಲ್ ಹೋಗುತ್ತದೆ, ಇಲ್ಲವೇ ನೀನು "ಗುರುಲಿಂಗಪ್ಪ ಸಾಹುಕಾರ್ರು ದೇವರಂಥ ಮನುಷ್ಯಾ, ಅವರ ಮನಿತನದ ಕೂಡ ತಕರಾರ್ ಬ್ಯಾಡ" ಎಂದು ಮಾತು ಮುಗಿಸಿಬಿಡುತ್ತೀ. ಅವ್ವ ಸಾಹುಕಾರರ ರೊಟ್ಟಿ ಶೆಡ್ಡು ಬಿಟ್ಟು ಯಾಕೆ ಮನೆಗೆ ಬಂದಳೆಂದು ನೀನು ಪೂರ್ತಿ ಕೇಳಿಯೇ ಇಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದವಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ.

ನೀನು ರಜೆಗೆ ಬಂದಾಗ ನೋಡಿದ್ದು ಅಂಗಳದ ಧಂಧೆ. ಅಪ್ಪ ತೀರಿಕೊಂಡ ಮೇಲೆ ಹೊಟ್ಟೆಪಾಡಿಗೆ ಶುರುವಾದದ್ದು, ಅವ್ವನ ಕೈಗುಣದಿಂದ ತಾನಾಗಿಯೇ ಬೆಳೆಯಿತು. ನಮ್ಮ ಓಣಿಯ ಹೆಂಗಸರಿಗೆಲ್ಲ ಖಡಕ್ ರೊಟ್ಟಿ ಮುರಿಯದಂತೆ ಒಣಗಿಸುವುದನ್ನು ಅವಳೇ ಕಲಿಸಿದಳು. ನಾನು ಬಿ.ಕಾಂ ಮುಗಿಸಿ ಲೆಕ್ಕ, ಆರ್ಡರು ನೋಡಿಕೊಂಡೆ. ಬೆಳಗಿನ ಬಸ್ಸಿಗೆ ಗಂಟು ಹೇರಿಕೊಂಡು ಕಲಬುರಗಿಗೆ ಹೋಗಿ, ಜೇವರ್ಗಿ ಕಾಲೋನಿಯ ಮಾಸ್ತರರ ಮನೆ, ದವಾಖಾನೆಯ ನರ್ಸುಗಳ ಮನೆ, ಟ್ಯೂಷನ್ ಹುಡುಗರ ಮೆಸ್ಸು ಎಂದು ತಿರುಗುತ್ತಿದ್ದೆ. ಪ್ಯಾಕೆಟ್ಟಿನ ಮೇಲೆ ಅವ್ವನ ಹೆಸರಲ್ಲೇ ‘ಶೇವಂತಾ ರೊಟ್ಟಿ’ ಎಂದು ಬರೆಸಿ, ತಲೆ ಮೇಲೆ ಸೆರಗು ಹೊದ್ದು ನಗುವ ಅವ್ವನ ಫೋಟೊ ಹಾಕಿಸಿದ್ದು ನೀನೇ. ಅದನ್ನು ಮರೆತಿಲ್ಲ ತಾನೆ? ಆಮೇಲೆ ಹೈದರಾಬಾದಿನ ಹೋಟೆಲಿನವರು ಕೇಳತೊಡಗಿದರು. ಕೊಳ್ಳುವವರಿದ್ದರು, ಬಡಿಯುವ ಕೈಗಳಿದ್ದವು, ಜೋಳ ಗಂಜಿನ ಮಂಡಿಗಳಲ್ಲಿ ರಾಶಿ ಬಿದ್ದಿತ್ತು. ಇಲ್ಲದ್ದು ಜಾಗ, ಯಂತ್ರ, ಅವುಗಳಿಗೆ ಬಂಡವಾಳ.

ಬಂಡವಾಳಕ್ಕೆ ನಾನು ಬ್ಯಾಂಕಿಗೆ ಅಲೆದ ಕಥೆ ನಿನಗೆ ಹೇಳಿಲ್ಲ. ಮ್ಯಾನೇಜರ್ ಕೆಟ್ಟವನಲ್ಲ. ಕೂರಿಸಿ, ಚಹಾ ಕುಡಿಸಿ, "ಪ್ರಾಜೆಕ್ಟ್ ಭಾಳ ಛಲೋ ಅದರಿ ಮೇಡಂ" ಎಂದೇ ಪ್ರತಿ ಸಲ ಕಳಿಸಿಕೊಟ್ಟ. ನಮ್ಮ ಮನೆ ಸರಕಾರ ಕೊಟ್ಟ ಜಾಗದ್ದು, ಅಡವು ಇಡಲು ಬರುವುದಿಲ್ಲ ಎಂದ. ಅಡವು ಇಲ್ಲದೆ ಕೊಡುವ ಸ್ಕೀಮು ಗೋಡೆಯ ಮೇಲೇ ಅಂಟಿಸಿತ್ತು. ಅದನ್ನು ತೋರಿಸಿದರೆ "ಅದು ಈ ವರ್ಷ ಮುಗದದರಿ" ಎಂದ. ಮುಂದಿನ ವರ್ಷ ಹೋದರೆ ಇನ್ನೂ ಶುರುವಾಗಿಲ್ಲವಂತೆ. ಇನ್ನೊಂದು ಕಡೆ ಸಂಘದ ಸಾಲ ಕೊಡುವವರು ತಾವಾಗಿಯೇ ಬೈಕ್ ಹತ್ತಿ ಓಣಿಗೆ ಬರುತ್ತಾರೆ. ಅದು ವಾರವಾರ ಕಟ್ಟುವ ಸಾಲ. ಹಿಟ್ಟು ತರಬಹುದು, ಆಸ್ಪತ್ರೆಗೆ ಹೋಗಬಹುದು, ಅದರಿಂದ ಶೆಡ್ಡು ಕಟ್ಟಲಾಗದು. ಬಡವರು ಬದುಕಿಕೊಂಡಿರಲಿ ಎಂದು ಸಾಲ ಕೊಡುವವರು ಬೇಕಾದಷ್ಟು ಜನ ಇದ್ದಾರೆ ಅಣ್ಣ, ಬೆಳೆಯಲಿ ಎಂದು ಕೊಡುವವರೇ ಇಲ್ಲ.

ಆಗ ಗುರುಲಿಂಗಪ್ಪ ಸಾಹುಕಾರರು ಮುಂದೆ ಬಂದರು. ನೆಹರು ಗಂಜಿನಲ್ಲಿ ಅವರ ಅಂಗಡಿಯಿಂದಲೇ ನಾವು ಜೋಳ ಒಯ್ಯುತ್ತಿದ್ದೆವು, ಉದ್ರಿಯನ್ನು ಎಂದೂ ತಪ್ಪಿಸಿರಲಿಲ್ಲ. "ಶೇವಂತವ್ವಾ, ಲೋನ್ ನನ್ನ ಹೆಸರಿಲೆ ತಗೊಳ್ಳೂನು. ಹೆಸರು ನಂದು, ಧಂಧಾ ನಿಮ್ದು. ಬೇಫಿಕರ್ ಇರ್ರಿ" ಎಂದರು. ನಾನು ಟೈಪು ಮಾಡಿಸಿದ್ದ ಅದೇ ಪ್ರಾಜೆಕ್ಟಿನ ಮೇಲೆ ಅವರ ಹೆಸರು ಬರೆದು ಕೊಟ್ಟೆವು. ಅದೇ ಮ್ಯಾನೇಜರ್ ಎದ್ದು ನಿಂತು ಅವರನ್ನು ಬರಮಾಡಿಕೊಂಡ. ತಿಂಗಳೊಳಗೆ ಮಂಜೂರಾಯಿತು. "ಸಾಹುಕಾರ್ರು ಮುಂದ ಬಂದ್ರಂದ್ರ ಬ್ಯಾಂಕಿಗೂ ಧೈರ್ಯ ಬರ್ತದರಿ" ಎಂದು ನನ್ನ ಮುಖ ನೋಡಿಯೇ ಹೇಳಿದ. ನೀನು ಅವತ್ತು ಅಲ್ಲಿಂದ ಫೋನ್ ಮಾಡಿ ಕುಣಿದಾಡಿದೆ. ನನಗೂ ಸಂತೋಷವೇ ಆಗಿತ್ತು. ಸಾಹುಕಾರರು ಆ ಮಾತನ್ನು ಮನಸಾರೆ ಆಡಿದ್ದರೆಂದು ಈಗಲೂ ನಂಬುತ್ತೇನೆ. ಆದರೆ ಆ ಮಾತು ಎಲ್ಲಿಯೂ ಬರೆದಿರಲಿಲ್ಲ. ಹೋದ ಯುಗಾದಿಯ ಮರುವಾರ ಅವರಿಗೆ ಲಕ್ವ ಹೊಡೆದು ಬಾಯಿ ಬಿದ್ದುಹೋಯಿತು. ಗಾದಿಯ ಮೇಲೆ ಮಗ ವಿವೇಕಾನಂದ ಬಂದು ಕೂತ.

ಶರಣಸಿರಸಗಿಯ ಶೆಡ್ಡನ್ನು ನೀನು ನೋಡಿಲ್ಲ. ಚೆನ್ನಾಗಿದೆ. ಹಿಟ್ಟು ನಾದುವ ಯಂತ್ರ, ಒಣಗಿಸುವ ಗೂಡು, ಮೇಲೆ ತಗಡು, ಕೆಳಗೆ ಫರಸಿ. ನಮ್ಮ ಓಣಿಯ ಹೆಂಗಸರನ್ನು ಕರೆದೊಯ್ಯಲು ಟಂಟಂ ಬರುತ್ತದೆ. ಅವ್ವ ಅಲ್ಲಿ ಉಸ್ತುವಾರಿಯಾಗಿದ್ದಳು, ಲೆಕ್ಕ ನಾನು ನೋಡುತ್ತಿದ್ದೆ. ಮೊದಮೊದಲು ಅವಳ ನಡಿಗೆಯೇ ಬದಲಾಗಿತ್ತು. ಆಮೇಲೆ ಹೈದರಾಬಾದಿನ ದೊಡ್ಡ ಕಂಪನಿಯ ಮಂದಿ ನೋಡಲು ಬರುವ ದಿನ, ವಿವೇಕಾನಂದ ಬಂದು "ಅಮ್ಮಾರ, ಇವತ್ತೊಂದಿನ ನೀವು ಹಿಟ್ಟಿನ ಖೋಲಿ ನೋಡ್ಕೊಳ್ರಿ" ಎಂದ. ಇನ್ನೊಂದು ಸಲವೂ ಹಾಗೆಯೇ ಆಯಿತು. ದಸರೆ ಮುಗಿದ ಮೇಲೆ ಹೊಸ ಪ್ಯಾಕೆಟ್ಟುಗಳ ಮೂಟೆ ಬಂತು. ಮೇಲೆ ‘ಗೌಡಶಾನಿ ರೊಟ್ಟಿ’ ಎಂದಿತ್ತು. ಹಣೆಗೆ ವಿಭೂತಿ, ಮೂಗಿಗೆ ನತ್ತು, ಇಳಕಲ್ ಸೀರೆ ಉಟ್ಟ ಯಾರೋ ಗೌಡರ ಮನೆಯ ಮುದುಕಿಯ ಬಣ್ಣದ ಚಿತ್ರ. ಹಿಂದೆ ದೊಡ್ಡ ವಾಡೆಯ ಬಾಗಿಲು. ಗುಂಡಮ್ಮ ಅದನ್ನು ಎತ್ತಿ ಹಿಡಿದು "ಯಕ್ಕಾ, ಈಕಿ ಯಾರ?" ಎಂದು ಅವ್ವನನ್ನೇ ಕೇಳಿದಳು. ಗುಂಡಮ್ಮ ಗೊತ್ತಲ್ಲ, ನಮ್ಮ ಹಿಂದಿನ ಮನೆಯವಳು, ನಿನ್ನ ಗೆಳೆಯ ಸುಧಾಕರನ ತಾಯಿ.

ಅವ್ವ ಒಂದು ಪ್ಯಾಕೆಟ್ಟು ತೆಗೆದುಕೊಂಡು ವಿವೇಕಾನಂದನ ಮೇಜಿನ ಮುಂದೆ ಹೋಗಿ ನಿಂತಳು. ಅವನು ಸಿಟ್ಟು ಮಾಡಲಿಲ್ಲ. ಕುರ್ಚಿ ತೋರಿಸಿ, ತಿಳಿಸಿ ಹೇಳುವವನ ಹಾಗೆ ಹೇಳಿದ: "ನಾವು ಜಾತಿ ನೋಡೋರಲ್ರಿ ಅಮ್ಮಾರ, ಮಾರ್ಕೆಟ್ ನೋಡ್ತೀವಿ. ಯಾರ ಮನಿ ರೊಟ್ಟಿ ಅಂತ ಮಂದಿ ನೋಡ್ತಾರ. ಅದಕ್ಕ ನಾವೇನ್ ಮಾಡೂನು, ನೀವೇ ಹೇಳ್ರಿ." ಅವ್ವ ಪ್ಯಾಕೆಟ್ಟನ್ನು ಅವನ ಮೇಜಿನ ಮೇಲೆ ಇಟ್ಟಳು. ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡು, ಚಪ್ಪಲಿ ಮೆಟ್ಟಿದಳು. ನಾನು ಕಂಪ್ಯೂಟರ್ ಆರಿಸಿ ಅವಳ ಹಿಂದೆ ಹೊರಟೆ. ಬಾಗಿಲ ಹತ್ತಿರ ಅವ್ವ ಒಮ್ಮೆ ಹಿಂದಿರುಗಿ ನೋಡಿದಳು. ಅವಳು ಕೈಹಿಡಿದು ಕಲಿಸಿದ ಹೆಂಗಸರೆಲ್ಲ ಕೂತಲ್ಲೇ ಕೂತಿದ್ದರು. ಗುಂಡಮ್ಮ ತಲೆ ತಗ್ಗಿಸಿ ಹಿಟ್ಟು ತಟ್ಟುತ್ತಿದ್ದಳು. ಪಗಾರ ತಿಂಗಳಿಗೆ ಸರಿಯಾಗಿ ಬರುವ ಕೆಲಸ ನಮ್ಮ ಓಣಿಯಲ್ಲಿ ಇನ್ನೆಲ್ಲಿದೆ, ಅವರ ತಪ್ಪೇನು ಎಂದು ಅವ್ವ ಬಸ್ಸಿನಲ್ಲಿ ನನಗೇ ಸಮಾಧಾನ ಹೇಳಿದಳು. ನನಗೆ ಸಮಾಧಾನವಾಗಲಿಲ್ಲ. ಈಗಲೂ ಆಗಿಲ್ಲ.

ಅಂದಿನಿಂದ ಮತ್ತೆ ಅಂಗಳದ ಒಲೆ. ನಮ್ಮ ಹಳೆಯ ಗಿರಾಕಿಗಳು ಕೆಲವರು ಉಳಿದಿದ್ದಾರೆ, ಹಲವರು ಇಲ್ಲ. ಜೇವರ್ಗಿ ಕಾಲೋನಿಯ ವಿದ್ಯಾವತಿ ಟೀಚರ್ ಮೊನ್ನೆ ಗೌಡಶಾನಿಯ ಪ್ಯಾಕೆಟ್ಟು ತಂದು ತೋರಿಸಿ, "ನೋಡವಾ, ಹಿಂಗ ಸ್ವಚ್ಛ ಮಾಡಬೇಕು. ನಿಮ್ಮವ್ವಗೂ ಒಂದ್ಸಲ ರುಚಿ ತೋರಿಸು, ಕಲೀತಾಳ" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಾನು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು "ಛಲೋ ಅದರಿ" ಎಂದು ಬಂದೆ. ಅವ್ವನಿಗೆ ಇದನ್ನು ಹೇಳಿಲ್ಲ. ನೀನೂ ಹೇಳಬೇಡ.

ಈಗ ಹೋದ ರವಿವಾರದ ಮಾತು. ವಿವೇಕಾನಂದ ಕಾರು ತೆಗೆದುಕೊಂಡು ನಮ್ಮ ಮನೆಗೇ ಬಂದ. ಕಮಲಾಪುರದ ಕೆಂಪು ಬಾಳೆಹಣ್ಣನ್ನು ದಾರಿಯಲ್ಲಿ ಕೊಂಡು ನಮಗೇ ತಂದುಕೊಟ್ಟ! ಒಳಗೆ ಬಂದು ಕೂತ, ಚಹಾ ಕುಡಿದ, ಅವ್ವ ಬಡಿದ ಬಿಸಿ ರೊಟ್ಟಿಯನ್ನು ಶೇಂಗಾ ಹಿಂಡಿಯ ಜೊತೆ ತಿಂದು "ಈ ರುಚಿ ಮಷೀನಿಗಿ ಬರಂಗಿಲ್ಲರಿ" ಎಂದ. ಆಮೇಲೆ ವಿಷಯಕ್ಕೆ ಬಂದ. ಶೆಡ್ಡನ್ನು ದುಪ್ಪಟ್ಟು ಮಾಡಬೇಕಂತೆ. ಸಾಹುಕಾರರ ಹೆಸರಿನಲ್ಲಿ ಇನ್ನು ಸಾಲ ಹುಟ್ಟುವುದಿಲ್ಲ. ಆದರೆ ನಮ್ಮ ಜಾತಿಯ ಹೆಣ್ಣುಮಗಳು ಮಾಲಕಿಯಾದರೆ ಅಡವಿಲ್ಲದೆ, ಕಡಿಮೆ ಬಡ್ಡಿಗೆ ಸಿಗುತ್ತದೆ. ಬ್ಯಾಂಕಿನ ಗೋಡೆಯ ಮೇಲೆ ಅಂಟಿಸಿದ್ದು ನೋಡಿ ನಾನು ಕೇಳಿದೆನಲ್ಲ, ಅದೇ ಸ್ಕೀಮು. ಈಗ ಅದು ಮುಗಿದಿಲ್ಲವಂತೆ. ಅವ್ವ ಜಾತಿ ಸರ್ಟಿಫಿಕೇಟು ಕೊಟ್ಟು ಸಹಿ ಹಾಕಿದರೆ ಸಾಕು, ಮನೆಯಲ್ಲಿ ಕೂತರೂ ತಿಂಗಳಿಗಿಷ್ಟು ಎಂದು ಕಳಿಸುತ್ತಾನಂತೆ.

ಅವ್ವ ಕೇಳಿದಳು: "ಕಾಗದದಾಗ ಮಾಲಕಿ ನಾನಾದ್ರ, ಪ್ಯಾಕೆಟ್ ಮ್ಯಾಗ ಇರಾಕಿ ಯಾರಪಾ?"

"ಅದು ಬರೇ ಚಿತ್ರಾರೀ ಅಮ್ಮಾರ."

"ಹಂಗಂದ್ರ ನಾನು ಬರೇ ಸಹಿ." ಅವ್ವ ತಾಟು ಎತ್ತಿದಳು. "ಸಹಿ ಬೇಕಂದ್ರ ಮಾಲಕಿ ಖರೇನೂ ಮಾಡ್ರಿ. ಅರ್ಧಾ ಶೆಡ್ಡು ಅಲ್ಲಿ ದುಡಿಯೋ ಹೆಣ್ಮಕ್ಕಳ ಹೆಸರಿಗಿ ಬರದ ಕೊಡ್ರಿ. ಅವತ್ತ ಎಲ್ಲಿ ಬೇಕಲ್ಲಿ ಸಹಿ ಹಾಕ್ತೀನಿ."

ಅವನು ನಕ್ಕ. ಎದ್ದು, ಬಗ್ಗಿ ನಮಸ್ಕಾರವನ್ನೂ ಮಾಡಿದ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, "ಇರಲಿ ಬಿಡ್ರಿ, ಇನ್ನೊಬ್ಬರು ಸಿಗ್ತಾರ" ಎಂದ. ಬೆದರಿಕೆಯಲ್ಲ ಅಣ್ಣ, ಮಾಲು ಒಂದು ಅಂಗಡಿಯಲ್ಲಿ ಸಿಗದಿದ್ದರೆ ಪಕ್ಕದ ಅಂಗಡಿಗೆ ಹೋಗುವವರು ಹೇಳುವ ಹಾಗೆ ಹೇಳಿದ. ನನಗೆ ಮೈ ಉರಿದದ್ದು ಅದಕ್ಕೇ.

ಇಷ್ಟು ನಡೆದಿದೆ. ಅವರ ಮನೆಯಿಂದ ನಿನಗೆ ಫೋನ್ ಬಂದರೂ ಬರಬಹುದು. ಸಾಹುಕಾರರ ಕಾಯಿಲೆ ಕೇಳು, ಅವರು ಒಳ್ಳೆಯವರೇ. ಆದರೆ ದೇವರು ಅನ್ನಬೇಡ. ದೇವರಂಥ ಮನುಷ್ಯ ಎದ್ದು ನಿಂತರೆ ಮಾತ್ರ ನಮಗೆ ಸಾಲ ಹುಟ್ಟುವುದಾದರೆ, ಅವರು ಮಲಗಿದ ದಿನ ನಮ್ಮದೆಲ್ಲ ಬೇರೆಯವರದಾಗುತ್ತದೆ. ಆಗಿದ್ದು ಅದೇ. ಅತ್ತಿಗೆ ತವರಿನಿಂದ ಬಂದ ಮೇಲೆ ನಮ್ಮ ಕಡೆ ಬಂದು ನಾಲ್ಕು ದಿನ ಇರಲಿ, ಅವ್ವನಿಗೆ ಹಗುರವಾದೀತು. ಅವ್ವ ನಿನ್ನ ತಲೆ ಸವರಿ ನೆಟಿಕೆ ಮುರಿದಿದ್ದಾಳೆಂದು ತಿಳಿ. ಹೊತ್ತಿಗೆ ಸರಿಯಾಗಿ ಉಣ್ಣು, ಕಿವಿ ಜೋಪಾನ.

ನಿನ್ನ ತಂಗಿ,
ತ್ರಿವೇಣಿ

ತಾ.ಕ.: ಕಾಗದ ಮಡಿಚುವಷ್ಟರಲ್ಲಿ ಬೀದಿಯಲ್ಲಿ ಸುದ್ದಿ ಕೇಳಿ ಬಂದೆ. ಅಂಚೆಗೆ ಹಾಕಿದರೆ ತಡವಾಗುತ್ತದೆ, ಹಾಳೆಗಳ ಫೋಟೊ ತೆಗೆದು ಕಳಿಸುತ್ತಿದ್ದೇನೆ, ಸಿಗ್ನಲ್ ಸಿಕ್ಕ ಕೂಡಲೇ ಓದು. ಇನ್ನೊಬ್ಬರು ಸಿಕ್ಕಿದ್ದಾರೆ. ಗುಂಡಮ್ಮ ಒಪ್ಪಿಕೊಂಡಿದ್ದಾಳೆ. ಶುಕ್ರವಾರ ಬ್ಯಾಂಕಿಗೆ ಹೋಗಿ ಸಹಿ ಹಾಕುತ್ತಾಳಂತೆ. ಶೆಡ್ಡು ನಾಳೆ ಮುಳುಗಿದರೆ ಆ ಸಾಲವೆಲ್ಲ ತನ್ನ ತಲೆಗೇ ಎಂದು ಅವಳಿಗೆ ಯಾರೂ ಹೇಳಿಲ್ಲ. ನಾನು ಹೇಳಲು ಹೋದರೆ ಹೊಟ್ಟೆಕಿಚ್ಚು ಎಂದು ಬಾಗಿಲು ಹಾಕಿಕೊಂಡಳು. ಸುಧಾಕರ ಸೊಲ್ಲಾಪುರದಲ್ಲಿದ್ದಾನೆ, ಅವನು ಹೇಳಿದರೆ ಅವಳು ಕೇಳುತ್ತಾಳೆ, ನೀನು ಹೇಳಿದರೆ ಅವನು ಕೇಳುತ್ತಾನೆ. "ಆಕಿಗಿ ಓದಾಕ ಬರಂಗಿಲ್ಲ, ಜಲ್ದಿ ಕಪಿಲಗ ತಿಳಸು" ಎಂದು ಅವ್ವ ಬಾಗಿಲಲ್ಲೇ ನಿಂತಿದ್ದಾಳೆ. ಅವ್ವನಿಗೆ ಗುಂಡಮ್ಮನ ಮೇಲೆ ಸಿಟ್ಟಿಲ್ಲ. ನನಗಿದೆ. ಆದರೂ ಸುಧಾಕರನಿಗೆ ಇವತ್ತೇ ಫೋನ್ ಮಾಡು.