ಕಾರಂಜಿಯ ಎದುರಿನ ಬೆಂಚು

ಮೇ ೯, ಗುರುವಾರ

ಪ್ರೀತಿಯ ಅಕ್ಕ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ ಎಂದು ಮುಖ ಊದಿಸಿಕೊಂಡಿರುತ್ತೀಯ, ಗೊತ್ತು. ಬೈಯುವುದನ್ನೆಲ್ಲ ಬೈದು ಮುಗಿಸಿ ಆಮೇಲೆ ಓದು. ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ ಕಣೇ. ಅದರ ಮೇಲೆ ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಊಟಕ್ಕೆ ಕರೆದರೆ ಬರುತ್ತಾನೆ, ತಟ್ಟೆ ನೋಡಿಕೊಂಡೇ ಉಂಡು ಎದ್ದು ಹೋಗುತ್ತಾನೆ. ಪಾರ್ಕಿನಲ್ಲಿರುವ ಅವನ ಕಾರಂಜಿಯನ್ನು ನಾನೇ ನಿಲ್ಲಿಸಿದೆ. ನೀರು ಸರಬರಾಜಿನಲ್ಲಿ ಫಿಟರ್ ಆಗಿದ್ದಾಗ ತನ್ನ ಕೈಯಾರೆ ಪೈಪು ಜೋಡಿಸಿದ್ದು ಅದು. ಅಮ್ಮ ಹೋದ ಮೇಲೂ ಒಂದು ಸಂಜೆ ತಪ್ಪಿಸದೆ ಹೋಗಿ ಕೂರುತ್ತಿದ್ದ. ಈಗ ನೀನೇ ಬಂದು ಅವನನ್ನು ಮಾತಾಡಿಸಬೇಕು. ಅದಕ್ಕೇ ಎಲ್ಲವನ್ನೂ ಮೊದಲಿನಿಂದ ಹೇಳುತ್ತೇನೆ.

ಹೋದ ತಿಂಗಳು ನಮ್ಮ ಬಡಾವಣೆಯಿಂದಲೇ ಒಬ್ಬರ ಹಿಂದೆ ಒಬ್ಬರು ನ್ಯುಮೋನಿಯಾ ಎಂದು ಆಸ್ಪತ್ರೆ ಸೇರಿದರು. ಹೆಚ್ಚಿನವರು ವಯಸ್ಸಾದವರು. ನಿನ್ನ ಸ್ಕೂಲ್ ಯೂನಿಫಾರ್ಮ್ ಹೊಲಿಯುತ್ತಿದ್ದ ಟೈಲರ್ ತಾತ ತೀರಿಕೊಂಡ. ವಿಚಿತ್ರ ಏನು ಗೊತ್ತಾ, ಮನೆಯಲ್ಲಿ ಬೇರೆ ಯಾರಿಗೂ ಅಂಟಿಲ್ಲ. ರಾತ್ರಿಯೆಲ್ಲ ಪಕ್ಕದಲ್ಲೇ ಕೂತು ಆರೈಕೆ ಮಾಡಿದ ತಾತನ ಹೆಂಡತಿಗೆ ಒಂದು ಸೀನೂ ಬಂದಿಲ್ಲ. ಹಾಗಾದರೆ ಇದು ಮನುಷ್ಯರಿಂದ ಮನುಷ್ಯರಿಗೆ ಹೋಗುತ್ತಿಲ್ಲ, ಎಲ್ಲರೂ ಒಂದೇ ಕಡೆಯಿಂದ ಹೊತ್ತು ತಂದಿದ್ದಾರೆ. ಎಲ್ಲಿಂದ? ಅದನ್ನು ಹುಡುಕುವುದೇ ಆರೋಗ್ಯ ಇಲಾಖೆಯಲ್ಲಿ ನನ್ನ ಕೆಲಸ.

ಮನೆಮನೆ ಸುತ್ತಿದೆ. ಏನು ತಿಂದಿರಿ, ಎಲ್ಲಿ ಹೋದಿರಿ, ಯಾವ ನೀರಲ್ಲಿ ಸ್ನಾನ ಮಾಡಿದಿರಿ. ಚಿಕ್ಕವಳಿದ್ದಾಗ ನನಗೆ ಪ್ರಶ್ನೆಪೆಟ್ಟಿಗೆ ಎಂದು ಹೆಸರಿಟ್ಟು ಆಡಿಕೊಳ್ಳುತ್ತಿದ್ದೆಯಲ್ಲ, ಈಗ ಅದಕ್ಕೇ ಸಂಬಳ ಕೊಡುತ್ತಾರೆ ನೋಡು. ನಿವೃತ್ತ ಟೀಚರಮ್ಮ ಒಬ್ಬರು, ಕನಸಲ್ಲಿ ಏನು ಬಂತು ಅನ್ನೋದು ಒಂದನ್ನು ಬಿಟ್ಟು ಎಲ್ಲ ಕೇಳಿದೆ ಎಂದು ನಕ್ಕರು.

ಬಹಳ ಜನ ಮೂಲೆ ಬೇಕರಿಯ ಬ್ರೆಡ್ ತಿಂದಿದ್ದರು. ಸಿಕ್ಕಿಬಿದ್ದ ಎಂದುಕೊಂಡು ಆ ಬೇಕರಿಯವನ ಪ್ರಾಣ ತಿಂದೆ, ಪಾಪ. ಆದರೆ ನಮ್ಮ ಕೆಲಸದಲ್ಲಿ ಆರೋಗ್ಯವಾಗಿರುವವರಿಗೂ ಅದೇ ಪ್ರಶ್ನೆ ಕೇಳಬೇಕು. ಕೇಳಿದರೆ ಅವರೂ ಅದೇ ಬ್ರೆಡ್ ತಿಂದು ಗುಂಡುಕಲ್ಲಿನಂತಿದ್ದರು! ಆಮೇಲೆ, ಕಾಯಿಲೆಯವರೆಲ್ಲ ಸಂಜೆ ಪಾರ್ಕಿಗೆ ಹೋಗುತ್ತಿದ್ದವರು ಎಂದು ಗೊತ್ತಾಗಿ ಅದರ ಮೇಲೆ ಅನುಮಾನ ಬಂತು. ನಮ್ಮ ದೊಡ್ಡ ಡಾಕ್ಟರು ಒಪ್ಪಲಿಲ್ಲ. ನಿಮ್ಮಪ್ಪನೇ ದಿನಾ ಹೋಗಿ ಕೂರುತ್ತಾರೆ, ಅವರಿಗೇನೂ ಆಗಿಲ್ಲವಲ್ಲ ಎಂದರು.

ಮನೆಗೆ ಬಂದು ಅಪ್ಪನನ್ನೂ ಬಿಡದೆ ಕೂರಿಸಿಕೊಂಡೆ. ಪಾರ್ಕಿನಲ್ಲಿ ಸರಿಯಾಗಿ ಎಲ್ಲಿ ಕೂರುತ್ತೀಯ ಎಂದು ಕೇಳಿದೆ.

"ಪಂಪಿನ ಪಕ್ಕದ ಕಲ್ಲಿನ ಮೇಲೆ. ಎದುರಿನ ಬೆಂಚಲ್ಲಿ ಕೂತ್ರೆ ಕನ್ನಡಕ ಎಲ್ಲ ಒದ್ದೆ ಆಗುತ್ತೆ."

ಮರುದಿನ ಮುಖಕ್ಕೆ ಮಾಸ್ಕ್ ಬಿಗಿದು, ಅಪ್ಪನ ಹಳೆಯ ಕನ್ನಡಕವನ್ನು ಒಂದೊಂದು ಬೆಂಚಿನ ಮೇಲೂ ಸ್ವಲ್ಪ ಹೊತ್ತು ಇಟ್ಟು ನೋಡಿದೆ. ಪಾರ್ಕಿನ ಕಾವಲುಗಾರ ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಬೇರೆಲ್ಲ ಕಡೆ ಗಾಜು ಒಣಗಿಯೇ ಇತ್ತು. ಎದುರಿನ ಸಾಲಿನಲ್ಲಿ ಮಾತ್ರ ಸಣ್ಣ ಹನಿ ಕೂತಿತು. ಗಾಳಿ ಬೀಸುವುದೇ ಆ ಕಡೆಗೆ. ಮತ್ತೆ ಕಾಯಿಲೆಯವರ ಬಳಿ ಓಡಿದೆ. ಎದುರಿನ ಸಾಲು ತಂಪು ಎಂದು ಎಲ್ಲರೂ ಅಲ್ಲೇ ಕೂತವರು! ಅಕ್ಕ, ಆಗ ನನಗಾದ ಖುಷಿ ಹೇಳಿದರೆ ಬೈಯುತ್ತೀಯ, ಆದರೂ ಆಯಿತು.

ಕಾರಂಜಿಯ ತೊಟ್ಟಿಯಲ್ಲೂ ರೋಗಿಗಳ ಕಫದಲ್ಲೂ ಒಂದೇ ರೋಗಾಣು ಎಂದು ಲ್ಯಾಬಿನಿಂದ ಉತ್ತರ ಬಂತು. ಬೆಚ್ಚಗಿನ ನೀರಿನಲ್ಲಿ ಬೆಳೆದು, ಹನಿಯ ಜೊತೆ ಉಸಿರಿನೊಳಗೆ ಇಳಿಯುವ ಜಾತಿ. ಅಂದೇ ಪಂಪು ನಿಲ್ಲಿಸಿದರು. ಆಮೇಲೆ ಹೊಸದಾಗಿ ಯಾರೂ ಹಾಸಿಗೆ ಹಿಡಿದಿಲ್ಲ. ಟೀಚರಮ್ಮನಿಗೂ ಬಂದಿತ್ತು, ವಾಸಿಯಾಗಿ ಮನೆಗೆ ಬಂದು ಮತ್ತೆ ನನ್ನನ್ನು ಗೇಲಿ ಮಾಡುತ್ತಿದ್ದಾರೆ.

ಭಾವನಿಗೆ ನನ್ನ ನಮಸ್ಕಾರ ಹೇಳು. ಮಕ್ಕಳು ಚೆನ್ನಾಗಿ ಓದಲಿ, ಅದಕ್ಕಿಂತ ಚೆನ್ನಾಗಿ ಆಡಲಿ. ನೀನು ಬೆನ್ನು ನೋವನ್ನು ಅಸಡ್ಡೆ ಮಾಡಬೇಡ.

ನಿನ್ನ
ಪ್ರಶ್ನೆಪೆಟ್ಟಿಗೆ

ಮರೆತಿದ್ದೆ ಎಂದು ಬರೆಯಬಹುದಿತ್ತು, ಮರೆತಿರಲಿಲ್ಲ: ಕನ್ನಡಕದ ಮಾತಿನ ಜೊತೆ ಅಪ್ಪ ಅವತ್ತು ಇನ್ನೊಂದು ಮಾತೂ ಹೇಳಿದ್ದ. "ಆ ಬೆಂಚು ನಿಮ್ಮಮ್ಮಂದು. ಮುಖಕ್ಕೆ ಹನಿ ಬಿದ್ರೆ ಅವಳಿಗೆ ಖುಷಿ." ಹೇಳುವಾಗ ನಗುತ್ತಿದ್ದ. ಲ್ಯಾಬಿನ ಉತ್ತರ ಬಂದ ದಿನದಿಂದ ನಕ್ಕಿಲ್ಲ. ಹೋದ ಬೇಸಿಗೆಯಲ್ಲಿ ಅಮ್ಮನನ್ನು ಕೊಂಡುಹೋದದ್ದೂ ನ್ಯುಮೋನಿಯಾವೇ ಅಲ್ಲವೇನೇ. ಆಗ ಅವಳ ಕಫವನ್ನು ಯಾರೂ ಈ ಪರೀಕ್ಷೆಗೆ ಕಳಿಸಿರಲಿಲ್ಲ. ಹಾಗಾಗಿ ಹೌದು ಎನ್ನಲೂ ನನ್ನಿಂದ ಆಗದು, ಅಲ್ಲ ಎನ್ನಲೂ ಆಗದು. ಮಾತು ಬಿಟ್ಟ ಮೇಲೆ ಒಂದೇ ಒಂದು ಸಲ, ನಿನ್ನೆ, ಅಪ್ಪ ನನ್ನ ಬಾಗಿಲಿಗೆ ಬಂದು ನಿಂತ. "ಅವಳು ಮನೇಲೇ ಇರ್ತೀನಿ ಅಂತಿದ್ಲು. ಒಳಗೆ ಸೆಕೆ, ಬಾ ಅಂತ ದಿನಾ ಕರ್ಕೊಂಡು ಹೋದೋನು ನಾನು. ಎಲ್ಲ ಕೇಳ್ದೆ, ಅದನ್ಯಾಕೆ ಕೇಳ್ಲಿಲ್ಲ?" ಎಂದ. ನಿಮ್ಮಕ್ಕಂಗೆ ಹೇಳಬೇಡ ಎಂದು ಒಳಗೆ ಹೋದ. ನಾನು ಹೇಳಿದ್ದೇನೆ. ಬೇಗ ಬಾ, ಅಕ್ಕ.