ಸೀಟಿನ ಕೆಳಗಿನ ಪಟ್ಟಿ

ಆಗಸ್ಟ್ 3, ಶನಿವಾರ

ಬೆಳಿಗ್ಗೆಯಿಂದ ಕಾರಿನ ನೆಲ ಕೆರೆಯುತ್ತಿದ್ದೇನೆ. ಹಳೆಯ ಟಾರು, ಅದರಡಿ ತುಕ್ಕು. ಹಿಂದಿನ ಸೀಟು, ಹೀಟರ್, ಬಾಗಿಲಿನ ಒಳಹಲಗೆ ಎಲ್ಲ ಅಂಗಳದಲ್ಲಿ. ಕೋಳಿ ಆಗಲೇ ಆ ಸೀಟಿನ ಮೇಲೆ ಮೊಟ್ಟೆ ಇಟ್ಟಿದೆ.

ಆರು ತಾಸಿನ ಮಣ್ಣುಹಾದಿಯ ರೇಸು. ಮೊದಲು ಓಡಿಸುವುದು ಎಲ್ವಿಯೊ. ಪೆಟ್ರೋಲಿಗೆ ನಿಂತಾಗ ನಾನು. ಗಂಡ ಹೆಂಡತಿಯ ತಂಡ ನಮ್ಮದೊಂದೇ. ಎಂಜಿನ್ ಬಡಕಲು, ಹಾಗಾಗಿ ಕಾರು ಹಗುರವಾಗಲೇಬೇಕು.

ಆಗಸ್ಟ್ 8, ಗುರುವಾರ, ಸಂಜೆ

ನಮ್ಮೂರಲ್ಲಿ ಹೀಗೆ — ರೇಸ್ ಕಾರಿರುವ ಮನೆಗೆ ಯೆರ್ಬಾ ಎಲೆಯ ಚಹಾ ಹೀರಲು ಬಂದವರು ಕಾರಿನಿಂದ ಏನಾದರೂ ಕಡಿಮೆ ಮಾಡಿಯೇ ಹೋಗಬೇಕು. ಒಂದು ಬೋಲ್ಟು, ಒಂದು ತೂತು. ಬರಿಗೈಯಲ್ಲಿ ಹೋದರೆ ಅಪಶಕುನ. ಇವತ್ತು ಅರ್ಧ ಬೀದಿ ಬಂದಿತ್ತು. ಡ್ರಿಲ್ಲು ಕೈಯಿಂದ ಕೈಗೆ, ಯೆರ್ಬಾ ತುಂಬಿದ ಸೋರೆಬುರುಡೆಯ ಹಾಗೆ.

ಮಾಂಸದಂಗಡಿಯ ನಾಸಾರಿಯೊ ಹೋಗುವಾಗ ಎಲ್ವಿಯೊಗೆ ಹೇಳಿದ: "ಕಾರಿನ ತೂಕ ಇಳಿಯೋಷ್ಟು ಇಳೀತು ಡುಮ್ಮ. ಇನ್ನು ನೀನು ಇಳೀಬೇಕು."

ಎಲ್ಲರೂ ನಕ್ಕರು. ಎಲ್ವಿಯೊ ಎಲ್ಲರಿಗಿಂತ ಜೋರಾಗಿ. ಊಟಕ್ಕೆ ಕೂತಾಗ ಬ್ರೆಡ್ ಮುಟ್ಟಲಿಲ್ಲ.

ಆಗಸ್ಟ್ 13

ಕಾರಿನಡಿ ಮಲಗಿ ಬ್ರೇಕ್ ಪೈಪು ಕಟ್ಟುತ್ತಿದ್ದೆ. ಡ್ರೈವರ್ ಸೀಟು ಕೂತಿರುವ ಅಡ್ಡಪಟ್ಟಿಯಲ್ಲಿ ಬೆಳಕು ಕಂಡಿತು. ಪಟ್ಟಿಯಲ್ಲ, ಜರಡಿ. ಸೀಟು ಮುಚ್ಚುತ್ತದೆ, ರೇಸಿನ ತಪಾಸಣೆಯವರಿಗೆ ಕಾಣುವುದಿಲ್ಲ ಎಂದು ಬಂದವರೆಲ್ಲ ಅಲ್ಲೇ ಕೊರೆದಿದ್ದಾರೆ, ಒಬ್ಬರಿಗೊಬ್ಬರು ಹೇಳದೆ. ಕೇಳಿದರೆ ಯಾರೂ ಮುಚ್ಚಿಡಲಿಲ್ಲ. ನನ್ನದು ಒಂದೇ ತೂತು ಎಂದರು, ಎಲ್ಲರೂ.

ಎಲ್ವಿಯೊ ದಪ್ಪ ತಗಡು ತಂದು ನನ್ನೆದುರೇ ವೆಲ್ಡ್ ಮಾಡಿದ. ಒದ್ದು ನೋಡಿದೆ. ಅಲುಗಲಿಲ್ಲ. ಉಸಿರು ಬಂತು.

ಆಗಸ್ಟ್ 24

ರೊಸಾರಿಯೊ ನಗರದಿಂದ ಬಂದೆ. ಅತ್ತೆಯ ಕಣ್ಣಿನ ಆಪರೇಷನ್ ಚೆನ್ನಾಗಾಯಿತು.

ಕಾರು ಹಸಿರಾಗಿದೆ. ಅಡಿಗೂ ಎಲ್ವಿಯೊ ಹೊಸ ಟಾರು ಬಳಿದಿದ್ದಾನೆ. ಕೆಳಗೆ ಹೋಗಬೇಡ, ಇನ್ನೂ ಹಸಿ ಎಂದ. ಅವನ ಕೆನ್ನೆ ಒಳಗೆ ಹೋಗಿದೆ. ಸೂಪು ಮಾತ್ರ ಕುಡಿಯುತ್ತಾನಂತೆ. ಸ್ನಾನದ ಮನೆಯಲ್ಲಿ ಉಣ್ಣೆ ತೂಗುವ ತಕ್ಕಡಿ — ಇದು ಇಲ್ಲಿಗೆ ಯಾಕೆ ಬಂತು?

ಆಗಸ್ಟ್ 30, ಶುಕ್ರವಾರ

ತಪಾಸಣೆಯವರು ಕಾರು ತೂಗಿ ಸೀಸದ ಮುದ್ರೆ ಹಾಕಿ ಹೋದರು. ಆಮೇಲೆ ಕಾರಿನಡಿ ಕೈ ಹಾಕಿ ಸೀಟಿನ ಪಟ್ಟಿ ತಡವಿದೆ. ತಗಡು ಇಲ್ಲ. ಟಾರಿನ ಕೆಳಗೆ ಬೆರಳಿಗೆ ಸಿಕ್ಕಿದ್ದು ತೂತು, ತೂತು...

ಎಲ್ವಿಯೊ ನೆಲ ನೋಡುತ್ತಾ ಹೇಳಿದ: "ನಾನು ಇಳೀಲಿಲ್ಲ ಮಿರ್ತಾ. ಎಷ್ಟು ಹಸಿದ್ರೂ ಬೇಕಾದಷ್ಟು ಇಳೀಲಿಲ್ಲ. ಅದಕ್ಕೇ ಆ ತಗಡು ತೆಗೆದೆ."

ಮುದ್ರೆ ಒಡೆದು ವೆಲ್ಡ್ ಮಾಡೋಣ ಎಂದೆ. ಒಡೆದರೆ ರೇಸಿಲ್ಲ ಎಂದ. ಹಾಗಾದರೆ ರೇಸೇ ಬೇಡ ಎಂದೆ. ಊರವರಿಗೆ ಏನಂತ ಹೇಳಲಿ ಎಂದು ಕೇಳಿದ. ನಾನು ಎದ್ದು ಒಳಗೆ ಹೋದೆ.

ಸೆಪ್ಟೆಂಬರ್ 1, ಭಾನುವಾರ, ಬೆಳಿಗ್ಗೆ

ಹೊರಟ. ನಾಲ್ಕನೆಯವನಾಗಿ ಓಡುತ್ತಿದ್ದಾನೆ. ಇಷ್ಟು ಮುಂದೆ ನಾವು ಎಂದೂ ಬಂದಿರಲಿಲ್ಲ. ನಾಸಾರಿಯೊ ಕುಣಿಯುತ್ತಿದ್ದಾನೆ.

ಅದೇ ದಿನ, ಮಧ್ಯಾಹ್ನ

ಪೆಟ್ರೋಲಿಗೆ ಬಂದ. ಮೂರನೆಯ ಸ್ಥಾನ. ನನ್ನ ಸರದಿ. ಇಳಿದು ಹೆಲ್ಮೆಟ್ ತೆಗೆದು ನನ್ನ ಕಿವಿಯ ಹತ್ತಿರ ಹೇಳಿದ: "ಹಿಂದಕ್ಕೆ ಸೀಟಿಗೆ ಒರಗಬೇಡ. ಸ್ಟೇರಿಂಗ್ ಹಿಡ್ಕೊಂಡೇ ಕೂತ್ಕೋ."

ಹತ್ತುವುದಿಲ್ಲ ಎಂದೆ. ನೀನೂ ಹತ್ತಬೇಡ, ಇಲ್ಲಿಗೆ ಮುಗಿಸೋಣ ಎಂದೆ. ಬೇಲಿಯಾಚೆ ನಮ್ಮ ಬೀದಿಯೇ ನಿಂತು ನೋಡುತ್ತಿತ್ತು. ಅವನು ಬೇಲಿ ನೋಡಿದ. ನನ್ನನ್ನು ನೋಡಲಿಲ್ಲ.

"ಸರಿ ಬಿಡು. ನಾನೇ ಹೋಗ್ತೀನಿ."

ತೋಳು ಹಿಡಿದೆ. ಬಿಡಿಸಿಕೊಂಡ. ನಾನು ಹತ್ತಿದ್ದರೆ... ನಾನು ಹಗುರ.

ಒಂದು ಸುತ್ತು ಬಂದ. ಕೈ ಬೀಸಲಿಲ್ಲ. ಎರಡೂ ಕೈ ಸ್ಟೇರಿಂಗ್ ಮೇಲೆ. ಇನ್ನೊಂದು ಸುತ್ತು. ಕೂತ ರೀತಿ ಓರೆ.

ಹಳದಿ ಕಾರು ಹೋಯಿತು. ಅದರ ಹಿಂದೆ ಕೆಂಪು. ಈಗ ನಮ್ಮದು ಬರಬೇಕು. ಬರೀ ದೂಳು. ನೀಲಿ ಬಂತು — ಅದು ನಮಗಿಂತ ಹಿಂದಿತ್ತಲ್ಲ? ಆ ಕೊನೆಯ ತಿರುವಿನಲ್ಲಿ ಜನ ಎದ್ದು ನಿಂತಿದ್ದಾರೆ. ನಾಸಾರಿಯೊ ಬೇಲಿ ಹಾರಿ ಅತ್ತ ಓಡುತ್ತಿದ್ದಾನೆ, ನಾನೂ —